ಮೂಗು ಮುಚ್ಚಿಕೊಂಡರೆ ಪಾಪವೇ?

ಪ್ರಶ್ನೆ: ಆದಿತ್ಯವಾರ ಆರಾಧನೆ ಮುಗಿಸಿ ಮುಂಬೈಯ ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಾಗ, ಅಲ್ಲಿ ಮಲಗಿದವರ ವಾಸನೆಗೆ ಸೆರಗು ತಾನಾಗಿ ಮೂಗಿಗೆ ಹೋಗುತ್ತದೆ. ಹತ್ತು ರೂಪಾಯಿ ಎಸೆದು ಓಡುತ್ತೇನೆ. ಆಗತಾನೇ ಬೈಬಲಿನ ಮತ್ತಾಯ 25 (‘ಹಸಿದಿದ್ದೆನು, ನನಗೆ ಊಟ ಕೊಟ್ಟಿರಿ’ ಎಂಬ ಭಾಗ) ಕೇಳಿ ಬಂದ ನನ್ನಲ್ಲಿ ಕರುಣೆಯೇ ಇಲ್ಲವೇ?
– ಓದುಗಿ, ಡೊಂಬಿವಲಿ

ಉತ್ತರ: ಮೂಗಿಗೆ ಬಡಿದದ್ದು ಪಾಪವಲ್ಲ, ಸಹೋದರಿ. ಮತ್ತಾಯ 25ರಲ್ಲಿ ಲೆಕ್ಕಕ್ಕೆ ಬಂದದ್ದು ಊಟ, ನೀರು, ಬಟ್ಟೆ. ಕೊಡುವಾಗ ಮನಸ್ಸಿಗೆ ಹಿತವಾಗಿತ್ತೇ ಎಂದು ಅಲ್ಲಿ ಯಾರನ್ನೂ ಕೇಳಿಲ್ಲ. ಲೂಕ 10ರ ಕಥೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದ ಅಪರಿಚಿತನ ಗಾಯ ಕಟ್ಟಿ, ಛತ್ರಕ್ಕೆ ತಂದು ಆರೈಕೆ ಮಾಡಿ, ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ, ಅಂದರೆ ಆ ಕಾಲದ ಎರಡು ದಿನದ ಕೂಲಿ, ಕೊಟ್ಟು ತನ್ನ ದಾರಿ ಹಿಡಿದ. ನಮ್ಮ ಚರ್ಚಿನ ಪ್ರಸಂಗಗಳು ಈ ಮರುದಿನವನ್ನು ಯಾಕೋ ಬೇಗ ದಾಟಿಬಿಡುತ್ತವೆ.

ಎಸೆಯುವುದನ್ನು ಮಾತ್ರ ಬಿಡಿ. ಎಚ್ಚರವಿದ್ದವರನ್ನು ಎರಡು ಹೆಜ್ಜೆ ದೂರದಿಂದಲೇ ‘ಕಾಕಾ’, ‘ಮಾವಶಿ’ ಎಂದು ಮಾತಾಡಿಸಿ, ಏನು ಬೇಕೆಂದು ಕೇಳಿ. ಕುರುಡ ಬಾರ್ತಿಮಾಯನನ್ನು ಕರ್ತನಾದ ಯೇಸುವೂ ಹಾಗೆ ಕೇಳಿಯೇ ಗುಣಪಡಿಸಿದ್ದು. ಮಲಗಿದವರನ್ನು ಎಬ್ಬಿಸಬೇಡಿ; ಬೀದಿಯಲ್ಲಿ ರಾತ್ರಿ ನಿದ್ದೆ ಸಿಗುವುದು ಕಷ್ಟ. ಉಸಿರಾಟ ಸರಿಯಿಲ್ಲವೆನಿಸಿದರೆ ಆಂಬುಲೆನ್ಸಿನ 108ಕ್ಕೆ ಕರೆ ಮಾಡಿ, ಬಾಯಿಗೆ ನೀರು ಹಾಕಬೇಡಿ.

ಅನ್ನ-ಸಾರಿನ ಪೊಟ್ಟಣ ಮುಂಬೈಯ ಸೆಕೆಯಲ್ಲಿ ಎರಡು ತಾಸು ಮೀರಿದರೆ ನಂಬುವಂತಿಲ್ಲ. ರಾತ್ರಿಗೆಂದು ಎತ್ತಿಟ್ಟು ತಿಂದವರಿಗೆ ಭೇದಿ ಹಿಡಿಯುತ್ತದೆ, ಶೌಚಾಲಯ ದೂರ. ಬಾಳೆಹಣ್ಣು, ಚಪಾತಿ, ಪಾವ್ ವಾಸಿ. ಹಲ್ಲಿಲ್ಲದವರಿಗೆ ಬಿಸ್ಕತ್ತಿನ ಜೊತೆ ಚಹಾನೂ ಬೇಕು. ಹಳೆ ಬಟ್ಟೆಯ ಮೂಟೆ ಬೇಡವೇ ಬೇಡ: ಒಗೆಯಲು ನೀರಿಲ್ಲ, ಇಡಲು ಜಾಗವಿಲ್ಲ, ಫುಟ್‌ಪಾತ್ ಖಾಲಿ ಮಾಡಿಸುವಾಗ ಮೊದಲು ಹೋಗುವುದೂ ಅದೇ. ಹೊಸ ಒಳಉಡುಪು, ಪ್ಯಾಡು, ಸಾಬೂನು, ಮಳೆಗಾಲಕ್ಕೆ ತಾಡಪತ್ರಿ ಕೊಡಿ.

ಇನ್ನು ಆ ವಾಸನೆ. ಈ ಊರಲ್ಲಿ ಮೈ ತೊಳೆಯಲೂ ದುಡ್ಡು ಬೇಕು. ಹತ್ತಿರದ ‘ಸುಲಭ್’ ಸಾರ್ವಜನಿಕ ಶೌಚಾಲಯದಲ್ಲಿ ಸ್ನಾನಕ್ಕೆ ಎಷ್ಟೆಂದು ವಿಚಾರಿಸಿ, ಒಪ್ಪಿದವರ ಹೆಸರಿನಲ್ಲಿ ನಾಲ್ಕು ಸ್ನಾನದ ಹಣ ಮುಂಗಡ ಕೊಡಿ. ಕೊಳೆತ ಗಾಯದ ನಾತವಾದರೆ ಬೇರೆ ಮಾತು. ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಹುಳುವಾಗುವುದುಂಟು. ಫಿನೈಲ್, ಸೀಮೆಎಣ್ಣೆ ಸುರಿಯುವ ಉಪಕಾರ ಬೇಡ, ಪಾಲಿಕೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಬ್ಬರು ತಮ್ಮಷ್ಟಕ್ಕೆ ಮಾತಾಡುತ್ತ, ಮೈಮೇಲೆ ಸರಿಯಾಗಿ ಬಟ್ಟೆಯಿಲ್ಲದೆ ಅಲೆಯುತ್ತಾರೆ. ಭಯವಾಗುತ್ತದೆ. ಯಾರಿಗೆ ಹೇಳುವುದು?
– ಓದುಗ, ಕಲ್ಯಾಣ

ಉತ್ತರ: ತುರ್ತು ಸಂಖ್ಯೆ 112ಕ್ಕೆ ಅಥವಾ ಪೊಲೀಸ್ ಠಾಣೆಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಇಂಥವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸರ ಹೊಣೆ, ಲಾಕಪ್ಪಿನಲ್ಲಿ ಇಡುವಂತಿಲ್ಲ. ‘ಭಿಕ್ಷುಕ’ ಎಂದು ದೂರಬೇಡಿ, 1959ರ ಭಿಕ್ಷಾಟನೆ ತಡೆ ಕಾಯ್ದೆಯ ದಾರಿ ಬೇರೆ, ಅದು ಬಂಧನದ ದಾರಿ. ‘ಚಿಕಿತ್ಸೆ ಬೇಕಾದವರು’ ಎನ್ನಿ. ಮುಂಬೈ ಹತ್ತಿರದ ಕರ್ಜತ್‌ನಲ್ಲಿ ಮನೋವೈದ್ಯ ಡಾ. ಭರತ್ ವಾಟ್ವಾನಿಯವರ ಶ್ರದ್ಧಾ ಪುನರ್ವಸತಿ ಕೇಂದ್ರವಿದೆ (ಅವರಿಗೆ 2018ರ ಮ್ಯಾಗ್ಸೆಸೆ ಪ್ರಶಸ್ತಿ ಸಂದಿದೆ). ಅಲ್ಲಿ ಇಂಥವರಿಗೆ ಚಿಕಿತ್ಸೆ ಕೊಟ್ಟು ಮನೆಯವರಿಗೆ ಮುಟ್ಟಿಸುತ್ತಾರೆ. ನಿಮ್ಮ ಬೀದಿಯಲ್ಲಿ ಅಲೆಯುವವರ ಬಾಯಲ್ಲಿ ಕನ್ನಡ ಬಂದರೆ ನಿಮ್ಮ ಕೆಲಸ ಹೆಚ್ಚು: ಊರು, ತಾಲ್ಲೂಕು, ಊರ ದೇವರು, ಹತ್ತಿರದ ಸಂತೆಯ ಹೆಸರು ಕೇಳಿ, ಮರಾಠಿಯಲ್ಲಿ ಬರೆದು ಠಾಣೆಗೆ ಕೊಡಿ. ಫೋಟೊ ತೆಗೆದು ವಾಟ್ಸಾಪಿಗೆ ಹಾಕಬೇಡಿ.