ಮಾರ್ಮನ್ ಪಯೋನಿಯರ್ ಅಜ್ಜಿಯೊಬ್ಬಳ ಬದುಕು ನಿಜಕ್ಕೂ ಹೇಗಿತ್ತು?

ನಿಮ್ಮ ಆಫೀಸಿನ ಅಮೆರಿಕನ್ ಗೆಳತಿ ತನ್ನ ಅಜ್ಜಿಯ ಅಜ್ಜಿ "ಮಾರ್ಮನ್ ಪಯೋನಿಯರ್" ಅಂತ ಹೆಮ್ಮೆಯಿಂದ ಹೇಳಿದರು, ಹಾಗಂದ್ರೆ ಏನು, ಅಂಥ ಸಾಮಾನ್ಯ ಹೆಂಗಸು ಹೇಗೆ ಬದುಕಿರಬಹುದು ಅಂತ ಕೇಳಿದ್ದೀರಿ. ಮಾರ್ಮನ್ ಅಂದರೆ ಜೋಸೆಫ್ ಸ್ಮಿತ್ ಎಂಬಾತ ಅಮೆರಿಕದಲ್ಲಿ ಕಟ್ಟಿದ ಒಂದು ಕ್ರೈಸ್ತ ಪಂಥದವರು. ನಾನು ಆ ಧರ್ಮದವನಲ್ಲ. ಆದರೆ ಅವರೇ ಹೆಚ್ಚಾಗಿರುವ ಯೂಟಾ ರಾಜ್ಯದಲ್ಲಿ ಏಳು ವರ್ಷದಿಂದ ಇದ್ದೇನೆ. ಅಕ್ಕಪಕ್ಕದ ಮನೆಗೆ ಊಟಕ್ಕೆ ಹೋದರೆ ಇಂಥ ಒಂದಾದರೂ ಕಥೆ ಕೇಳದೆ ವಾಪಸ್ ಬಂದಿಲ್ಲ.

ಅರ್ಥ ಸರಳ. 1844ರಲ್ಲಿ ಇಲಿನಾಯ್‌ನಲ್ಲಿ ಜನ ಗುಂಪುಗೂಡಿ ಜೋಸೆಫ್ ಸ್ಮಿತ್‌ನನ್ನು ಕೊಂದರು. ಆಮೇಲೆ ಮುಂದಾಳಾದ ಬ್ರಿಗಮ್ ಯಂಗ್ ತನ್ನವರನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟು, 1847ರ ಜುಲೈನಲ್ಲಿ ಈಗಿನ ಯೂಟಾದ ಸಾಲ್ಟ್ ಲೇಕ್ ಕಣಿವೆ ತಲುಪಿದ. ಆಗಿನಿಂದ 1869ರಲ್ಲಿ ರೈಲು ಬರುವ ತನಕ ನಡೆದೋ, ಎತ್ತಿನ ಗಾಡಿಯಲ್ಲೋ ಅಲ್ಲಿಗೆ ಬಂದವರೆಲ್ಲ ಪಯೋನಿಯರ್‌ಗಳು. ತುಂಬಾ ಜನ ಇಂಗ್ಲೆಂಡ್‌, ಡೆನ್ಮಾರ್ಕ್ ಕಡೆಯ ಬಡವರು.

ಒಬ್ಬಳ ಕಥೆ ಹೇಳುತ್ತೇನೆ. ಹೆಸರು ನೆಲ್ಲಿ ಪ್ಯೂಸೆಲ್, ಇಂಗ್ಲೆಂಡಿನ ಹುಡುಗಿ. 1856ರಲ್ಲಿ ಅಪ್ಪ, ಅಮ್ಮ, ಅಕ್ಕ ಮ್ಯಾಗಿ ಜೊತೆ ಹೊರಟಾಗ ಅವಳಿಗೆ ಒಂಬತ್ತು ವರ್ಷ.

ಆ ವರ್ಷ ಎತ್ತು ಮತ್ತು ದೊಡ್ಡ ಗಾಡಿಗೆ ದುಡ್ಡಿರಲಿಲ್ಲ. ಹಿಂದಿನ ವರ್ಷ ಯೂಟಾದಲ್ಲಿ ಮಿಡತೆ ಬಿದ್ದು ಬೆಳೆ ಹಾಳಾಗಿತ್ತು. ಬಡವರನ್ನು ಕರೆಸಿಕೊಳ್ಳಲು 1849ರಲ್ಲೇ ಒಂದು ನಿಧಿ ಮಾಡಿದ್ದರು. ಅದು ದಾನ ಅಲ್ಲ, ಸಾಲ. ಬಂದು ದುಡಿದು ತೀರಿಸಬೇಕು, ಆ ದುಡ್ಡಲ್ಲಿ ಇನ್ನೊಬ್ಬರು ಬರಬೇಕು. ನಿಧಿಯಲ್ಲೂ ದುಡ್ಡು ಕಮ್ಮಿಯಾದಾಗ ಕೈಗಾಡಿಯ ಉಪಾಯ ಮಾಡಿದರು. ಎರಡು ಚಕ್ರದ ಮರದ ಗಾಡಿ, ಮನುಷ್ಯರೇ ಎಳೆಯಬೇಕು. ಅಯೋವಾ ಸಿಟಿಯಿಂದ ಸಾಲ್ಟ್ ಲೇಕ್‌ಗೆ ಸುಮಾರು 2,100 ಕಿಲೋಮೀಟರ್. ದೊಡ್ಡವರಿಗೆ ತಲಾ 17 ಪೌಂಡ್ ಸಾಮಾನು, ಅಂದರೆ ಎಂಟು ಕೆಜಿಗೂ ಕಮ್ಮಿ. ಊರಿಗೆ ಹೊರಡುವಾಗ ಕ್ಯಾಬಿನ್ ಬ್ಯಾಗ್ 7 ಕೆಜಿ ದಾಟಬಾರದು ಅಂತ ತೂಕದ ಯಂತ್ರದ ಮುಂದೆ ಒಂದೊಂದೇ ಬಟ್ಟೆ ತೆಗೀತೀವಲ್ಲ, ಹೆಚ್ಚು ಕಮ್ಮಿ ಅಷ್ಟೇ. ಅದರಲ್ಲೇ ಹಾಸಿಗೆ, ಬಟ್ಟೆ, ಪಾತ್ರೆ ಎಲ್ಲ.

ನೆಲ್ಲಿಯ ತಂಡ ಹೊರಟಿದ್ದೇ ತಡ, ಜುಲೈ ಕೊನೆಗೆ. ಹಸಿ ಮರದಲ್ಲಿ ಮಾಡಿದ ಗಾಡಿಗಳು ಬಿಸಿಲಿಗೆ ಒಣಗಿ ದಾರಿಯಲ್ಲೇ ಮುರಿದವು. ಅಕ್ಟೋಬರ್ 19ರಂದು ನಾರ್ತ್ ಪ್ಲಾಟ್ ನದಿ ದಾಟಿದರು, ಅವತ್ತೇ ಹಿಮ ಶುರುವಾಯಿತು. ಹಿಟ್ಟಿನ ಪಡಿ ದಿನಕ್ಕೊಂದು ಪೌಂಡ್ ಇದ್ದದ್ದು ಇಳಿಯುತ್ತಾ ಇಳಿಯುತ್ತಾ ಕಾಲು ಪೌಂಡಿಗೆ ಬಂತು. ನೆಲ್ಲಿಯ ಅಮ್ಮನಿಗೆ ಹುಷಾರಿರಲಿಲ್ಲ, ಅಪ್ಪ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಎಳೆದ. ದಾರಿಯಲ್ಲೇ ಅವನು ಸತ್ತ. ಕೆಲವೇ ದಿನಗಳಲ್ಲಿ ಅಮ್ಮನೂ ಹೋದಳು. ಸಾಲ್ಟ್ ಲೇಕ್‌ನಿಂದ ನೆರವಿನ ಗಾಡಿಗಳು ಎದುರು ಬಂದು, ಉಳಿದವರು ನವೆಂಬರ್ 30ಕ್ಕೆ ಊರು ಸೇರಿದರು. ಹಿಂದುಮುಂದಾಗಿ ಬರುತ್ತಿದ್ದ ಎರಡು ತಂಡ ಸೇರಿ 200ಕ್ಕೂ ಹೆಚ್ಚು ಜನ ಸತ್ತಿದ್ದರು. ಇಷ್ಟು ತಡವಾಗಿ ಹೊರಡಿಸಿದ್ದು ಮುಂದಾಳುಗಳ ತಪ್ಪು ಅಂತ ನನಗೆ ಅನಿಸುತ್ತದೆ. ನಂಬಿಕೆಯಿಂದ ಬಂದ ಬಡವರು ಅದರ ಬೆಲೆ ತೆತ್ತರು.

ನೆಲ್ಲಿಯ ಕಾಲು ಹಿಮಕ್ಕೆ ಕೊಳೆತಿದ್ದವು. ಅರಿವಳಿಕೆ ಇಲ್ಲ, ಏನಿಲ್ಲ. ಮಾಂಸ ಕತ್ತರಿಸುವ ಚಾಕು ಮತ್ತು ಬಡಗಿಯ ಗರಗಸದಲ್ಲಿ ಎರಡೂ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನೀವು ಕೇಳಿದ್ದು ಬದುಕಿನ ಬಗ್ಗೆ ಅಲ್ವಾ? ಅವಳು ಇನ್ನೂ 59 ವರ್ಷ ಬದುಕಿದಳು.

ಸಾಲ್ಟ್ ಲೇಕ್‌ನಿಂದ 400 ಕಿಲೋಮೀಟರ್ ದಕ್ಷಿಣದ ಸೀಡರ್ ಸಿಟಿಯಲ್ಲಿ ನೆಲೆಸಿದಳು. ಅದು ಅಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನರ ನೆಲ. ಮಾರ್ಮನ್ನರು ಬಂದು ನೀರು, ಬಯಲು ಹಿಡಿದ ಮೇಲೆ ಅವರ ಬದುಕು ತೀರಾ ಕಷ್ಟವಾಯಿತು. ಅದನ್ನು ಬಿಟ್ಟು ಈ ಕಥೆ ಹೇಳುವುದು ಸರಿಯಲ್ಲ. 24ನೇ ವಯಸ್ಸಿಗೆ ನೆಲ್ಲಿ ವಿಲಿಯಂ ಅನ್‌ಥ್ಯಾಂಕ್ ಎಂಬಾತನನ್ನು ಮದುವೆಯಾದಳು. ಅವನಿಗೆ ಮೊದಲೇ ಹೆಂಡತಿ ಇದ್ದಳು, ಆಗ ಅವರ ಚರ್ಚಿನಲ್ಲಿ ಅದಕ್ಕೆ ಒಪ್ಪಿಗೆ ಇತ್ತು. ಆರು ಮಕ್ಕಳಾದವು. ಕಾಲಿನ ಗಾಯ ಪೂರ್ತಿ ಮಾಯಲೇ ಇಲ್ಲ. ಮನೆಯೊಳಗೆ ಮಂಡಿಯೂರಿಕೊಂಡೇ ಓಡಾಡುತ್ತಿದ್ದಳು.

ಮನೆ ಮಣ್ಣಿನ ನೆಲದ್ದು. ಅದಕ್ಕೆ ನೀರು ಚಿಮುಕಿಸಿ, ಕೆರೆದು ಕೆರೆದು ಕಲ್ಲಿನ ಹಾಗೆ ಗಟ್ಟಿಯಾಗಿ, ನುಣ್ಣಗೆ ಮಾಡಿದ್ದಳು. ಪೊರಕೆ ಹಾಕುವಂತಿರಲಿಲ್ಲ, ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ನೆಲದ ಮೇಲೆ ತೊಟ್ಟಿ ಇಟ್ಟುಕೊಂಡು, ಪಕ್ಕದಲ್ಲಿ ಮಂಡಿಯೂರಿ ಊರಿನವರ ಬಟ್ಟೆ ಒಗೆದುಕೊಡುತ್ತಿದ್ದಳು. ಕಾಲುಚೀಲ ಹೆಣೆದು ಮಾರುತ್ತಿದ್ದಳು. ಚರ್ಚಿನ ಕಡೆಯಿಂದ ಆಗೀಗ ಸ್ವಲ್ಪ ಸಹಾಯ ಬರುತ್ತಿತ್ತು. ಬೇಡ ಅನ್ನಲಿಲ್ಲ. ಆದರೆ ಆ ಋಣ ತೀರಿಸಲು ವರ್ಷಕ್ಕೊಮ್ಮೆ ಮಕ್ಕಳನ್ನೆಲ್ಲ ಕರೆದುಕೊಂಡು ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದಳು. ಗಂಡುಮಕ್ಕಳು ನೀರು ಹೊರುತ್ತಿದ್ದರು, ಹೆಣ್ಣುಮಕ್ಕಳು ಕಿಟಕಿ ಒರೆಸುತ್ತಿದ್ದರು, ಇವಳು ಮಂಡಿಯ ಮೇಲೆ ಹೋಗುತ್ತಾ ಇಡೀ ನೆಲ ಉಜ್ಜುತ್ತಿದ್ದಳು.

ಮೊದಲ ಸಲ ಇದನ್ನು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಹಿಮದಲ್ಲಿ ಕಾಲು ಕಳೆದುಕೊಂಡದ್ದು ಅವಳ ಮೇಲೆ ಬಂದೆರಗಿದ್ದು. ನೆಲ ಉಜ್ಜಿದ್ದು ಅವಳೇ ಆರಿಸಿಕೊಂಡದ್ದು. ಎಲ್ಲರಿಗೂ ಹೀಗೆ ಲೆಕ್ಕ ಚುಕ್ತಾ ಮಾಡಲು ಆಗಲಿಲ್ಲ, ಅದೂ ನಿಜ. ಆ ನಿಧಿಯ ಸಾಲ ಎಷ್ಟೋ ಮನೆಗಳಲ್ಲಿ ಹಾಗೇ ಉಳಿಯಿತು. ಕೊನೆಗೆ 1880ರಲ್ಲಿ, ಚರ್ಚಿಗೆ ಐವತ್ತು ತುಂಬಿದಾಗ, ತೀರಿಸಲಾಗದ ಬಡವರಿಗಾಗಿ ಅರ್ಧದಷ್ಟು ಸಾಲ ಮನ್ನಾ ಮಾಡಿದರು.

ನೆಲ್ಲಿ 1915ರಲ್ಲಿ ತೀರಿಕೊಂಡಳು. ನಿಮ್ಮ ಗೆಳತಿಯನ್ನು ಮತ್ತೆ ಮಾತಾಡಿಸಿದಾಗ ಅಜ್ಜಿ ಯಾವ ವರ್ಷ, ಯಾವ ತಂಡದಲ್ಲಿ ಬಂದರು ಅಂತ ಕೇಳಿ. ಹೆಚ್ಚಿನ ತಂಡಗಳ ಪಟ್ಟಿ ಚರ್ಚಿನ ದಾಖಲೆಗಳಲ್ಲಿ ಆನ್‌ಲೈನಲ್ಲೇ ಸಿಗುತ್ತದೆ. ಅದಾದ ಮೇಲೆ, ಇಲ್ಲಿಗೆ ಬಂದು ಹೊಟ್ಟೆಪಾಡಿಗೆ ಏನು ಮಾಡಿದರು ಅಂತಲೂ ಕೇಳಿ. ಬಟ್ಟೆ ಒಗೆದರಾ, ಹಸು ಸಾಕಿದರಾ, ಸೂಲಗಿತ್ತಿ ಆಗಿದ್ದರಾ? ಮನೆಯಲ್ಲಿ ಯಾರಿಗಾದರೂ ನೆನಪಿರುತ್ತದೆ.