ಮರ ಕಡಿಯದಿದ್ದರೆ ದುಡ್ಡು ಯಾಕೆ ಎಂದವರಿಗೆ

"ಮರ ಕಡಿಯದೆ ಸುಮ್ನೆ ಇರುವುದಕ್ಕೆ ಜಮೀನಿನವರ ಜೊತೆ ಒಪ್ಪಂದ ಮಾಡಿಕೊಂಡು ಸ್ಥಳೀಯ ಸರ್ಕಾರ ಜನರ ತೆರಿಗೆ ದುಡ್ಡು ಯಾಕೆ ಕೊಡಬೇಕು? ಕಾನೂನು ಮಾಡಿ ತಡೆದರೆ ಸಾಲದೇ?" ಎಂದು ಓದುಗರೊಬ್ಬರು ಬರೆದಿದ್ದಾರೆ.

ತೆರಿಗೆ ದುಡ್ಡಿಗೆ ಲೆಕ್ಕ ಕೇಳಿದ್ದು ಸರಿ. ಕಾನೂನೂ ಬೇಕು, ಒಪ್ಪುತ್ತೇನೆ. ಆದರೆ "ಸುಮ್ನೆ ಇರುವುದಕ್ಕೆ" ಅಂದಿರಲ್ಲ, ಅಲ್ಲೇ ನನ್ನ ತಕರಾರು. ಪಕ್ಕದವರು ಸೈಟು ಮಾಡಿ ಮಾರಿ ದುಡ್ಡು ಎಣಿಸುತ್ತಿರುವಾಗ ತನ್ನ ಹೊಳೆದಂಡೆಯನ್ನೋ ಹುಲ್ಲುಗಾವಲನ್ನೋ ಹಾಗೇ ಉಳಿಸಿಕೊಳ್ಳುವವರು ಸುಮ್ನೆ ಕೂತಿದ್ದಾರಾ? ಊರೆಲ್ಲ ಕುಡಿಯುವ ನೀರನ್ನು ತಮ್ಮ ಖರ್ಚಿನಲ್ಲಿ ಕಾಯುತ್ತಿದ್ದಾರೆ.

ನ್ಯೂಯಾರ್ಕ್ ನಗರವನ್ನೇ ನೋಡಿ. ಹಿಂದೆ ತನ್ನ ಕುಡಿಯುವ ನೀರಿಗಾಗಿ ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಜಲಾಶಯ ಕಟ್ಟಲು ಹಳ್ಳಿಗಳನ್ನೇ ಎಬ್ಬಿಸಿ ಜಮೀನು ಸ್ವಾಧೀನ ಮಾಡಿಕೊಂಡಿತ್ತು. ಆ ಸಿಟ್ಟು ಮೊಮ್ಮಕ್ಕಳ ಕಾಲಕ್ಕೂ ಆರಲಿಲ್ಲ. 1990ರಲ್ಲಿ ನೀರು ಕಾಪಾಡಲು ಬಿಗಿ ನಿಯಮ ತರಲು ಹೋದರೆ ಬೆಟ್ಟದ ಊರುಗಳು ತಿರುಗಿ ಬಿದ್ದವು. ಕೂತು ಮಾತಾಡಿದ ಮೇಲೆಯೇ, 1997ರಲ್ಲಿ, ಒಪ್ಪಂದವಾಯಿತು: ಮಾರಲು ಮನಸ್ಸಿದ್ದವರಿಂದ ಮಾತ್ರ, ಮಾರುಕಟ್ಟೆ ಬೆಲೆಗೆ, ಜಮೀನನ್ನೋ ಬರೀ ಅದರ ಮೇಲೆ ಕಟ್ಟುವ ಹಕ್ಕನ್ನೋ ನಗರ ಕೊಳ್ಳಬೇಕು. ಊರುಗಳಿಗೂ ನೆರವು ಸಿಕ್ಕಿತು. ನೂರಾರು ಕೋಟಿ ಡಾಲರಿನ ನೀರು ಶುದ್ಧೀಕರಣ ಘಟಕ ಕಟ್ಟುವ ಖರ್ಚು ತಪ್ಪಿತು. ದುಡ್ಡು ದಂಡ ಅನ್ನುವವರು ಈ ಲೆಕ್ಕವನ್ನೂ ಹಾಕಬೇಕು ಅಲ್ವಾ?

ಅದೇ ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) 1974ರಲ್ಲೇ ರೈತರಿಂದ ಕಟ್ಟಡ ಕಟ್ಟುವ ಹಕ್ಕನ್ನಷ್ಟೇ ಕೊಳ್ಳುವ ಯೋಜನೆ ಮಾಡಿತ್ತು. ಹೊಲ ರೈತರದೇ. ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಬಡಾವಣೆ ಮಾತ್ರ ಏಳುವಂತಿಲ್ಲ. ಇಂಗ್ಲೆಂಡ್ 2021ರ ಪರಿಸರ ಕಾಯ್ದೆಯಲ್ಲಿ ಇಂಥ ಒಪ್ಪಂದ ಜಮೀನಿನ ಜೊತೆಗೇ ಮುಂದಿನ ಮಾಲೀಕರಿಗೂ ಹೋಗುವಂತೆ ಮಾಡಿತು. ನನಗೆ ಬಹಳ ಹಿಡಿಸಿದ್ದು ಇದು. ಅಪ್ಪ ಕೊಟ್ಟ ಮಾತನ್ನು ಮಗ ಮಾರಿಕೊಳ್ಳುವ ಹಾಗಿಲ್ಲ.

ನನ್ನ ಸಿಟ್ಟು ಬೇರೆ ಕಡೆ ಇದೆ. ಸಹಿ ಹಾಕುವ ದಿನ ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಬರುತ್ತಾರೆ, ಆಮೇಲೆ ಬೇಲಿ ಬಿದ್ದರೂ, ಕಳೆ ಹಬ್ಬಿದರೂ, ಜಮೀನು ಕೈ ಬದಲಾದರೂ ಕೇಳುವವರಿಲ್ಲ. ರಸ್ತೆ, ಶಾಲೆ, ಕೆರೆ, ಯಾವುದೇ ಇರಲಿ, ಹೊಸದಕ್ಕೆ ದುಡ್ಡಿರುತ್ತದೆ, ಇರುವುದನ್ನು ನೋಡಿಕೊಳ್ಳಲು ಇರುವುದಿಲ್ಲ. ಒಮ್ಮೆ ಇಂಥ ಒಂದು ಒಪ್ಪಂದದ ಬಗ್ಗೆ ಬರೆಯಲು ಹೋಗಿದ್ದೆ. ಕಚೇರಿಯಲ್ಲಿ ಫೈಲು ಸಿಕ್ಕಿತು, ಜಾಗ ಎಲ್ಲಿದೆ ಎಂದು ಹೇಳುವವರು ಸಿಗಲಿಲ್ಲ. ಕೊನೆಗೆ ಮಾಲೀಕರೇ ಕರೆದುಕೊಂಡು ಹೋಗಿ ಒಂದೊಂದು ಮರವನ್ನೂ ತೋರಿಸಿದರು. "ಸಹಿ ಆದಮೇಲೆ ಇಲ್ಲಿಗೆ ಬಂದ ಹೊರಗಿನವರು ಅಂದರೆ ನೀವೇ ಮೊದಲು" ಅಂದರು.

ಅವರಿಗೆ ಕೊಟ್ಟ ದುಡ್ಡು ಜಾಸ್ತಿ ಆಯಿತೆಂದು ನಿಮಗೆ ಬೇಜಾರು. ವರ್ಷಕ್ಕೊಮ್ಮೆ ಆ ಜಾಗಕ್ಕೆ ನಡೆದು ಹೋಗಿ ನೋಡಿ ಬರುವ ಒಬ್ಬ ನೌಕರನ ಸಂಬಳಕ್ಕೂ ಬಜೆಟ್ಟಿನಲ್ಲಿ ದುಡ್ಡಿಲ್ಲ. ಮುಂದಿನ ಪತ್ರ ಅದರ ಬಗ್ಗೆ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇನೆ.