ಫೈಬರ್ ಬಾಕ್ಸಿಗೆ ನಾನೇ ಒಂದು ರೂಟರ್ ಸಿಕ್ಕಿಸಿದ್ದೇನೆ. ಡೌನ್‌ಲೋಡ್ ಸರಾಗ, ಆದರೆ ಪಿಎಸ್4 (ಪ್ಲೇಸ್ಟೇಷನ್ 4) ಕನ್ಸೋಲ್‌ನಲ್ಲಿ ಗೆಳೆಯರ ಧ್ವನಿ ಕೇಳಿಸ್ತಿಲ್ಲ, ಯಾವ ಗೇಮಿಂಗ್ ರೂಟರ್ ತಗೊಳ್ಳಲಿ?

ಯಾವ ರೂಟರೂ ಬೇಡ. ಮೊದಲು ಪಿಎಸ್4ನ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಒಳಗೆ 'ಟೆಸ್ಟ್ ಇಂಟರ್ನೆಟ್ ಕನೆಕ್ಷನ್' ಒತ್ತಿ. ಅಲ್ಲಿ 'ನ್ಯಾಟ್ ಟೈಪ್' ಅಂತ ಒಂದು ಸಾಲು ಬರುತ್ತದೆ. ನ್ಯಾಟ್ ಅಂದರೆ ಮನೆಯ ಎಲ್ಲ ಸಾಧನಗಳನ್ನೂ ಒಂದೇ ಇಂಟರ್ನೆಟ್ ವಿಳಾಸದ ಹಿಂದೆ ಇಡೋ ರೂಟರಿನ ಕೆಲಸ; 1 ಅಂದರೆ ಪೂರ್ತಿ ತೆರೆದದ್ದು, 3 ಅಂದರೆ ತೀರಾ ಬಿಗಿ. ನಿಮ್ಮದು 3 ಇರುತ್ತದೆ, ಬೇಕಾದರೆ ಪಂತ. ಡೌನ್‌ಲೋಡ್ ಸರಾಗ, ಆದರೆ ಪಾರ್ಟಿಯಲ್ಲಿ (ಗೆಳೆಯರ ಜೊತೆ ಮಾತಾಡೋ ಗುಂಪಿನಲ್ಲಿ) ಧ್ವನಿ ಇಲ್ಲ, ಈಗಿರೋ ರೂಟರನ್ನು ನೀವೇ ಫೈಬರ್ ಬಾಕ್ಸಿಗೆ ಸಿಕ್ಕಿಸಿದ್ದು ಅಂದಿದ್ದೀರಲ್ಲ, ಅಷ್ಟು ಸಾಕು. ನನ್ನದೂ ಇದೇ ಕಥೆ.

ನಮ್ಮನೆಯಲ್ಲಿ ಫೈಬರ್ ಬಾಕ್ಸ್ ಕೆಳಗೆ ಹಾಲ್‌ನಲ್ಲಿ, ಟಿವಿ ಮಹಡಿಯಲ್ಲಿ. ಮಧ್ಯೆ ಆರ್‌ಸಿಸಿ. ವೈಫೈ ಒಂದು ಕಡ್ಡಿ ಬಂದರೆ ಪುಣ್ಯ. ಅಂಗಡಿಯವರು 'ಡ್ಯುಯಲ್ ಬ್ಯಾಂಡ್ ತಗೊಳ್ಳಿ ಸಾರ್' ಅಂದರು, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ವೈಫೈ ಕೊಡೋ ರೂಟರ್; ತಂದುಬಿಟ್ಟೆ. ನನ್ನ ಹತ್ತಿರ ಇದ್ದದ್ದು 2013ರಲ್ಲಿ ಬಂದ ಪಿಎಸ್4ನ ಮೊದಲ ಮಾಡೆಲ್. ಅದು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. 5 ಗಿಗಾಹರ್ಟ್ಸ್ ಸೇರಿದ್ದು 2016ರ ಸ್ಲಿಮ್ ಮತ್ತು ಪ್ರೊನಲ್ಲಿ. ಅಂದರೆ ಪಿಎಸ್4ಗೆ ಕಾಣದೇ ಇರೋ ಬ್ಯಾಂಡಿಗೆ ದುಡ್ಡು ಸುರಿದೆ. ಹೋಗಲಿ, ಅದು ಸಣ್ಣದು.

ದೊಡ್ಡ ಎಡವಟ್ಟು ಆಗಿದ್ದು ವೈರ್ ಚುಚ್ಚಿದ ಜಾಗದಲ್ಲಿ. ಕೆಳಗಿನ ಬಾಕ್ಸ್‌ನಿಂದ ತಂದ ಕೇಬಲನ್ನು ಹೊಸ ರೂಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರೋ ಕಿಂಡಿಗೆ) ಹಾಕಿದೆ. ಡಬ್ಬದ ಜೊತೆ ಬಂದ ಚೀಟಿಯಲ್ಲಿ ಹಾಗೇ ಚಿತ್ರ ಇತ್ತು. ಆದರೆ ಫೈಬರ್ ಬಾಕ್ಸ್ ಬರೀ ಮೋಡೆಮ್ ಅಲ್ಲ, ಅದೂ ಒಂದು ರೂಟರ್. ಈಗ ಒಂದರ ಹಿಂದೆ ಒಂದು, ಎರಡು ನ್ಯಾಟ್. ಅಪಾರ್ಟ್‌ಮೆಂಟಿಗೆ ಇಬ್ಬರು ವಾಚ್‌ಮನ್‌ಗಳಿದ್ದ ಹಾಗೆ: ಬ್ಲಾಕಿನವನಿಗೆ 'ನಮ್ಮ ನೆಂಟರು ಬರ್ತಾರೆ, ಬಿಡಪ್ಪಾ' ಅಂತ ಹೇಳಿಟ್ಟಿರುತ್ತೀರಿ, ಮೇನ್ ಗೇಟಿನವನಿಗೆ ಅದು ಗೊತ್ತೇ ಇರಲ್ಲ. ನೆಂಟರು ಅಲ್ಲಿಂದಲೇ ವಾಪಸ್. ಕನ್ಸೋಲ್ ಯುಪಿಎನ್‌ಪಿ (ರೂಟರಿನಲ್ಲಿ ದಾರಿ ತಾನೇ ತೆರೆಸಿಕೊಳ್ಳೋ ವ್ಯವಸ್ಥೆ) ಮೂಲಕ 'ಈ ಪೋರ್ಟ್ ತೆಗಿ' ಅಂತ ಕೇಳೋದು ಮೇಲಿನ ರೂಟರನ್ನು ಮಾತ್ರ. ಸಿನಿಮಾ, ಡೌನ್‌ಲೋಡ್ ಎಲ್ಲ ಒಳಗಿಂದ ನಾವೇ ಕೇಳಿ ತರಿಸಿಕೊಳ್ಳುವಂಥವು, ಅವಕ್ಕೆ ತೊಂದರೆ ಇಲ್ಲ. ಗೆಳೆಯನ ಕನ್ಸೋಲ್ ನೇರವಾಗಿ ನಮ್ಮದನ್ನು ಹುಡುಕಿಕೊಂಡು ಬಂದಾಗಲೇ ಪೇಚಾಟ. ಮೊಬೈಲು, ಲ್ಯಾಪ್‌ಟಾಪ್ ಎಲ್ಲ ಸರಿ ಇದ್ದದ್ದರಿಂದ ನಾನು ಸುಮ್ನೆ ಹೆಡ್‌ಸೆಟ್ಟನ್ನೇ ಬೈದುಕೊಂಡು ಕೂತಿದ್ದೆ.

ನಿಮ್ಮ ರೂಟರಿನ ಸ್ಟೇಟಸ್ ಪುಟ ತೆಗೆದು ವ್ಯಾನ್ ಐಪಿ, ಅಂದರೆ ಅದರ ಹೊರಗಿನ ಕಡೆಯ ವಿಳಾಸ, ನೋಡಿ. ಅದು 192.168 ಅಂತ ಶುರುವಾದರೆ ಇಬ್ಬರು ವಾಚ್‌ಮನ್ ಇದ್ದಾರೆ ಅಂತಲೇ ಅರ್ಥ. ರೂಟರನ್ನು 'ಆಕ್ಸೆಸ್ ಪಾಯಿಂಟ್ ಮೋಡ್'ಗೆ ಹಾಕಿ, ಆಗ ಅದು ನ್ಯಾಟ್ ಬಿಟ್ಟು ಬರೀ ವೈಫೈ ಕೊಡುತ್ತದೆ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚೋ ಕೆಲಸ) ಆಫ್ ಮಾಡಿ, ವಿಳಾಸವನ್ನು ಬಾಕ್ಸಿನ ವಿಳಾಸಕ್ಕೆ ಡಿಕ್ಕಿ ಹೊಡೆಯದ ಹಾಗೆ ಬದಲಿಸಿ, ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೆ (ಮನೆಯ ಸಾಧನಗಳ ಕಿಂಡಿಗೆ) ಚುಚ್ಚಿ. ಬಾಕ್ಸಿನಲ್ಲಿ ಯುಪಿಎನ್‌ಪಿ ಆನ್ ಇರಲಿ. ನನ್ನದು ಆಮೇಲೆ ಟೈಪ್ 2 ಆಯಿತು. ಮನೆ ರೂಟರಿನ ಹಿಂದೆ 2 ಬಂದರೆ ಧಾರಾಳ ಸಾಕು, 1ರ ಆಸೆಗೆ ಬೀಳಬೇಡಿ.

ಇನ್ನು ಪಿಎಸ್4ಗೆ ವೈಫೈ ಕೊಡಲೇಬೇಡಿ ಅನ್ನೋದು ನನ್ನ ಹಟ. ಗೇಮಿಂಗ್ ರೂಟರಿಗೆ ಇಟ್ಟ ದುಡ್ಡಲ್ಲಿ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದು, ಮೆಟ್ಟಿಲ ಪಕ್ಕ ಕೇಸಿಂಗ್ ಪಟ್ಟಿ ಹೊಡೆಸಿ. ಎಲೆಕ್ಟ್ರಿಷಿಯನ್ 'ಕರೆಂಟ್ ಪೈಪಲ್ಲೇ ಎಳೀತೀನಿ' ಅಂದರೆ ಒಪ್ಪಬೇಡಿ. ಪ್ಲಾನ್ ಎಷ್ಟು ಎಂಬಿಪಿಎಸ್ ಅನ್ನೋದು ಡೌನ್‌ಲೋಡಿಗೆ ಮುಖ್ಯ. ಆಡುವಾಗ ಬೇಕಿರೋದು ಏರಿಳಿಯದ ಪಿಂಗ್, ಅಂದರೆ ಸಂದೇಶ ಹೋಗಿ ಬರೋ ಸಮಯ.

ಇಷ್ಟಾದ ಮೇಲೂ 3 ಹೋಗದಿದ್ದರೆ ಫೈಬರ್ ಬಾಕ್ಸಿನ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾದರೆ ಇನ್ನೊಂದು ನ್ಯಾಟ್ ಇಂಟರ್ನೆಟ್ ಕಂಪನಿಯವರ ಕಡೆಯೇ ಇದೆ, ಅದು ಮನೆಯಲ್ಲಿ ಕೂತು ಸರಿ ಮಾಡೋ ವಿಷಯ ಅಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ 'ಪಬ್ಲಿಕ್ ಐಪಿ ಬೇಕು' (ಹೊರಗಿಂದ ನೇರ ತಲುಪೋ ವಿಳಾಸ) ಅಂತ ಅದೇ ಪದದಲ್ಲಿ ಕೇಳಿ, 'ರೀಸ್ಟಾರ್ಟ್ ಮಾಡಿ ನೋಡಿ' ಅಂದರೆ ಫೋನ್ ಇಡಬೇಡಿ. ಗೊಂದಲ ಆದರೆ ಆ ವ್ಯಾನ್ ಐಪಿಯ ಮೊದಲ ಎರಡು ಭಾಗ (ಎರಡನೇ ಚುಕ್ಕಿಯವರೆಗೆ) ಮಾತ್ರ ಇಲ್ಲಿ ಬರೆಯಿರಿ, ಪೂರ್ತಿ ಹಾಕಬೇಡಿ.